ತೀರ್ಥದ ವಾಸನೆ ಬಂದ ವೈನು

ಪೀಣ್ಯದ ಒಂದು ಶೆಡ್ಡಿನಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತೇನೆ. ಅಲ್ಲಿ ಸ್ಟೀಲ್ ಟ್ಯಾಂಕುಗಳನ್ನು ಮಾಡುತ್ತಾರೆ. ಹದಿನಾರು ವರ್ಷದಿಂದ ಬೀಗದ ಕೈಗೊಂಚಲು ನನ್ನ ಸೊಂಟದಲ್ಲೇ ಇದೆ. ನಟ್ಟು, ಬೋಲ್ಟು, ವೆಲ್ಡಿಂಗ್ ರಾಡು, ಕೈಗವಸು, ಏನೇ ಬೇಕಿದ್ದರೂ ನನ್ನ ಕಿಟಕಿಯ ಮುಂದೆ ನಿಂತು ಕೇಳಬೇಕು. ಹರಿದ ಕೈಗವಸು ತೋರಿಸದೆ ಹೊಸದನ್ನು ಕೊಡುವವಳು ನಾನಲ್ಲ. ಶೆಡ್ಡಿನವರು ಬೆನ್ನ ಹಿಂದೆ ನನ್ನನ್ನು ಸಿಸಿ ಕ್ಯಾಮೆರಾ ಅನ್ನುತ್ತಾರೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ, ಪಾಪ. ನಿಜ ಹೇಳಬೇಕೆಂದರೆ ಆ ಹೆಸರು ನನಗೆ ಒಳಗೊಳಗೇ ಇಷ್ಟವಾಗಿತ್ತು. ಅದು ಕಳೆದ ವರ್ಷದವರೆಗೆ.

ಅನುಮಾನ ನನ್ನ ಹುಟ್ಟುಗುಣ. ತರಕಾರಿಯವನ ತಕ್ಕಡಿ, ಆಟೋದವನ ಮೀಟರು, ಮಾಕಳಿಯ ನಮ್ಮ ಬೀದಿಯಲ್ಲಿ ಹೊಸದಾಗಿ ಬಾಡಿಗೆಗೆ ಬಂದವರು, ಯಾರನ್ನೂ ನಾನು ಸುಮ್ಮನೆ ಬಿಟ್ಟದ್ದಿಲ್ಲ. "ನೀನು ದೇವ್ರ ಪ್ರಸಾದಾನೂ ಮೂಸಿ ನೋಡೇ ತಿನ್ನೋಳು" ಎಂದು ನನ್ನ ಗಂಡ ಆಡಿಕೊಳ್ಳುತ್ತಾರೆ. ಸುಳ್ಳಲ್ಲ. ಮೂಸುತ್ತೇನೆ.

ಇಂಥವಳ ಮುಂದೆ ಕೆಲವು ವರ್ಷಗಳ ಹಿಂದೆ ವೈನು ಬಂದು ನಿಂತಿತು. ಅಲ್ಲಿಯವರೆಗೆ ನಾವು ಮಾಡುತ್ತಿದ್ದದ್ದು ಹಾಲಿನ ಟ್ಯಾಂಕು. ಆ ಕೆಲಸ ನಿಧಾನವಾಗಿ ದೊಡ್ಡ ದೊಡ್ಡ ಕಾರ್ಖಾನೆಗಳ ಪಾಲಾಗಿ, ನಮ್ಮ ಓನರ್ ಮಧ್ಯಾಹ್ನದ ಹೊತ್ತಿನಲ್ಲೂ ಟೇಬಲ್ಲಿನ ಮೇಲೆ ತಲೆ ಇಟ್ಟು ಮಲಗುವ ಸ್ಥಿತಿಗೆ ಬಂದಿದ್ದರು. ಆಗ ಒಂದು ದಿನ ಜೀನ್ಸ್ ಹಾಕಿದ, ಬೂಟಿಗೆಲ್ಲ ಕೆಂಪು ಮಣ್ಣು ಮೆತ್ತಿಕೊಂಡ ಹೆಂಗಸೊಬ್ಬಳು ಜೀಪಿನಿಂದ ಇಳಿದಳು. ಮೂವತ್ತೈದರ ಆಸುಪಾಸು. ಆನೇಕಲ್ ದಾಟಿ ತಮಿಳುನಾಡಿನ ಗಡಿ ಹತ್ತಿರ ಅವಳ ತಂದೆಯ ಜಮೀನಿತ್ತಂತೆ. ಮೊದಲು ರಾಗಿ, ಆಮೇಲೆ ನೀಲಗಿರಿ. ಈಗ ಅವಳು ನೀಲಗಿರಿಯನ್ನು ಮುಕ್ಕಾಲು ಪಾಲು ಕಡಿಸಿ ದ್ರಾಕ್ಷಿ ಹಾಕಿದ್ದಾಳಂತೆ. ವೈನು ಮಾಡಲು ಟ್ಯಾಂಕು ಬೇಕಂತೆ. ಈ ವಿದ್ಯೆ ಎಲ್ಲಿ ಕಲಿತದ್ದು ಎಂದು ಓನರ್ ಕೇಳಿದರು.

"ಇಂಗ್ಲೆಂಡ್‌ನಲ್ಲಿ ಸಾರ್. ದಕ್ಷಿಣದ ಕಡೆ. ಐದು ಸುಗ್ಗಿ ಅಲ್ಲೇ ದುಡ್ದೆ."

ನನಗೆ ನಗು ತಡೆಯಲಾಗಲಿಲ್ಲ. ಇಂಗ್ಲೆಂಡಿನಲ್ಲಿ ದ್ರಾಕ್ಷಿ! ಮಳೆ, ಮಂಜು, ಛತ್ರಿ ಬಿಟ್ಟರೆ ಆ ದೇಶದಲ್ಲಿ ಇನ್ನೇನಾದರೂ ಬೆಳೆಯುತ್ತದೆಂದು ನಾನು ಕೇಳಿರಲೇ ಇಲ್ಲ. ಅವಳು ನನ್ನ ಕಡೆ ತಿರುಗಿದಳು.

"ಎಲ್ರೂ ಹಿಂಗೇ ನಗ್ತಿದ್ರಂತೆ ಮೇಡಂ. ಫ್ರಾನ್ಸ್‌ನೋರಂತೂ ಹೊಟ್ಟೆ ಹಿಡ್ಕೊಂಡು ನಗ್ತಿದ್ರಂತೆ. ಸುಣ್ಣದ ಮಣ್ಣು, ಚಳಿ, ಎಷ್ಟೋ ವರ್ಷ ಹಣ್ಣೇ ಆಗಲ್ಲ. ಆದ್ರೂ ಹಠ ಬಿಡ್ಲಿಲ್ಲ ಅವ್ರು. ಈಗ ಅಲ್ಲೂ ಬಿಸ್ಲು ಜಾಸ್ತಿ ಆಗಿದೆ. ಸೇಬಿನ ತೋಟ ಇದ್ದ ಕಡೆ ದ್ರಾಕ್ಷಿ ಬಂದಿದೆ. ನಗ್ತಿದ್ದ ಫ್ರಾನ್ಸ್‌ನೋರೇ ಈಗ ಅಲ್ಲಿ ಜಮೀನು ತಗೋತಿದ್ದಾರೆ."

ಅವಳು ಹೋದ ಮೇಲೆ ನಾನು ಓನರಿಗೆ ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಟ್ಟೆ. ಎಲೆಕ್ಟ್ರಾನಿಕ್ ಸಿಟಿಯ ಆಚೆ ಯಾರು ಹಸಿರು ನೆಟ್ಟರೂ ಅದು ಎರಡು ವರ್ಷದ ಹಸಿರು, ಆಮೇಲೆ ಕಮಾನು ಕಟ್ಟಿ, ಇಂಗ್ಲಿಷ್ ಹೆಸರಿಟ್ಟು ಸೈಟು ಮಾಡುತ್ತಾರೆ. ಇದೂ ಅದೇ, ದ್ರಾಕ್ಷಿ ಬರೀ ತೋರಿಕೆಗೆ. "ಇರ್ಲಿ ಬಿಡಮ್ಮ, ಸೈಟ್ ಮಾಡೋತಂಕ ನಾವು ಟ್ಯಾಂಕ್ ಮಾಡೋಣ" ಎಂದರು ಓನರ್.

ಅವಳು ಸೈಟು ಮಾಡಲಿಲ್ಲ. ಮೊದಲ ವರ್ಷ ಎರಡು ಚಿಕ್ಕ ಟ್ಯಾಂಕು ತೆಗೆದುಕೊಂಡಳು. ಅವಳ ಬಾಯಿಂದ ಕೇಳಿ ದೊಡ್ಡಬಳ್ಳಾಪುರದ ಕಡೆಯವರೊಬ್ಬರು ಬಂದರು, ನಂದಿ ಬೆಟ್ಟದ ಕಡೆಯವರಿಬ್ಬರು ಬಂದರು. ನೋಡನೋಡುತ್ತ ನಮ್ಮ ಶೆಡ್ಡಿನ ಅರ್ಧ ಜಾಗದಲ್ಲಿ ವೈನಿನ ಟ್ಯಾಂಕುಗಳೇ ನಿಂತವು. ಊರಲ್ಲಿ ಹೆಂಡ ಎಂದರೆ ಮುಖ ಸಿಂಡರಿಸುವ ನಾನು ಅದಕ್ಕೆ ನಟ್ಟು ಬೋಲ್ಟು ಎಣಿಸಿ ಕೊಡುತ್ತಿದ್ದೆ. ಮನೆಯಲ್ಲಿ ಅತ್ತೆಗೆ ಮಾತ್ರ ಇನ್ನೂ ಹಾಲಿನ ಟ್ಯಾಂಕು ಎಂದೇ ಹೇಳುತ್ತಿದ್ದೆ.

ಹೋದ ವರ್ಷದ ಸುಗ್ಗಿಗೆ ಅವಳು ನಾಲ್ಕು ದೊಡ್ಡ ಟ್ಯಾಂಕು ಕೇಳಿದಳು. ಅಷ್ಟು ದೊಡ್ಡ ಕೆಲಸಕ್ಕೆ ನಮ್ಮಲ್ಲಿದ್ದ ಒಬ್ಬನೇ ಆಳೆಂದರೆ ಬಾಗಲಕೋಟೆ ಕಡೆಯ ವೆಲ್ಡರು. ಮಾಕಳಿಯಲ್ಲಿ ಅವನ ಊರಿನ ಮೂವರೊಂದಿಗೆ ಒಂದೇ ರೂಮಿನಲ್ಲಿದ್ದ. ಮಾತು ಕಡಿಮೆ, ಕೈ ಮಾತ್ರ ಬಂಗಾರ. ಅವನು ಬೆಸೆದ ಜಾಗದ ಮೇಲೆ ಉಗುರು ಎಳೆದರೆ ಎಲ್ಲೂ ತಡೆಯುತ್ತಿರಲಿಲ್ಲ. ಅವನಿಗೊಂದು ಪದ್ಧತಿಯಿತ್ತು. ಟ್ಯಾಂಕಿನ ಬಾಗಿಲು ಮುಚ್ಚುವ ಮುಂಚೆ ಚಪ್ಪಲಿ ಕಳಚಿಟ್ಟು, ಕೈ ತೊಳೆದು ಒಳಗೆ ಇಳಿಯುತ್ತಿದ್ದ. ಬೆಸುಗೆಯ ಉದ್ದಕ್ಕೂ ಅಂಗೈ ಆಡಿಸಿ, ಒಮ್ಮೆ ಕೈ ಮುಗಿದು ಹೊರಗೆ ಬರುತ್ತಿದ್ದ. ಏನಪ್ಪ ಅದು ಎಂದು ಒಮ್ಮೆ ಕೇಳಿದ್ದೆ.

"ಇದರಾಗ ಏನ್ ಹಾಕಿದ್ರೂ ಯಾರದೋ ಹೊಟ್ಟಿಗೆ ಹೋಗ್ತೈತಿ ನೋಡ್ರಿ ಅಕ್ಕಾರ. ಅದಕ್ಕ ಒಮ್ಮಿ ಕೈ ಆಡಿಸಿ ಬರ್ತೀನ್ರಿ" ಅಂದಿದ್ದ.

ಕೇಳಲು ಚೆನ್ನಾಗಿತ್ತು. ಚೆನ್ನಾಗಿ ಮಾತಾಡುವವರನ್ನು ಕಂಡರೆ ನನಗೆ ಇನ್ನಷ್ಟು ಅನುಮಾನ. ಅದೇ ದಿನಗಳಲ್ಲಿ ಸ್ಟೋರಿನಿಂದ ಎರಡು ವಾಲ್ವು ಕಾಣೆಯಾಗಿದ್ದವು. ಯಾರು ಎಂದು ಗೊತ್ತಾಗಿರಲಿಲ್ಲ. ನಾಲ್ಕು ಜನ ಒಂದೇ ರೂಮಿನಲ್ಲಿರುತ್ತಾರೆ, ಒಬ್ಬ ತೆಗೆದರೆ ಮೂವರು ಮುಚ್ಚಿಡುತ್ತಾರೆ ಎಂದು ನನ್ನ ಲೆಕ್ಕಾಚಾರ ಅವನ ಸುತ್ತಲೇ ತಿರುಗುತ್ತಿತ್ತು. ವಾಲ್ವುಗಳು ಆಮೇಲೆ ಹಳೇ ಕಬ್ಬಿಣದ ಡ್ರಮ್ಮಿನ ಹಿಂದೆ ಸಿಕ್ಕವು. ಆದರೆ ಒಮ್ಮೆ ಹೊಕ್ಕ ಅನುಮಾನ ನನ್ನ ತಲೆಯಿಂದ ಹೊರಗೆ ಹೋಗಲಿಲ್ಲ.

ವೈನಿನ ಟ್ಯಾಂಕಿನ ಬಾಗಿಲಿಗೆ ಒಂದು ಬಿಳಿ ರಬ್ಬರಿನ ಬಳೆ ಬೇಕಾಗುತ್ತದೆ. ಬಾಗಿಲಿನ ಸುತ್ತ ಅದು ಕೂತರೇನೇ ಒಂದು ಹನಿಯೂ ಸೋರುವುದಿಲ್ಲ. ಗ್ಯಾಸ್ಕೆಟ್ ಎನ್ನುತ್ತಾರೆ. ಆ ಆರ್ಡರಿಗೆ ಅವಳೇ ಹೊರದೇಶದಿಂದ ಐದು ಗ್ಯಾಸ್ಕೆಟ್ ತರಿಸಿ ನಮ್ಮ ಕೈಗೆ ಕೊಟ್ಟಿದ್ದಳು, ನಾಲ್ಕು ಟ್ಯಾಂಕಿಗೆ ನಾಲ್ಕು, ಒಂದು ಹೆಚ್ಚಿಗೆ. ಅವನ್ನು ಸ್ಟೋರಿನ ಕಪಾಟಿನಲ್ಲಿಡಲು ನನಗೆ ಧೈರ್ಯ ಬರಲಿಲ್ಲ. ಆ ಬೀಗಕ್ಕೆ ಓನರ್ ಹತ್ತಿರವೂ ಒಂದು ಕೀ ಇದೆ, ಅವರು ಅದನ್ನು ಟೇಬಲ್ ಮೇಲೆ ಬಿಟ್ಟು ಓಡಾಡುತ್ತಾರೆ. ನನ್ನ ಕೋಣೆಯಲ್ಲಿ ದೇವರ ಪಟಗಳ ಕೆಳಗೆ ಇನ್ನೊಂದು ಚಿಕ್ಕ ಸ್ಟೀಲ್ ಕಪಾಟಿದೆ. ಆಯುಧಪೂಜೆಯಲ್ಲಿ ಉಳಿದ ಕರ್ಪೂರ, ಊದುಬತ್ತಿ, ಸಾಂಬ್ರಾಣಿ ಎಲ್ಲ ಅದರಲ್ಲಿರುತ್ತದೆ. ಅದರ ಕೀ ನನ್ನೊಬ್ಬಳ ಹತ್ತಿರವೇ. ಅದಕ್ಕಿಂತ ಹೆಚ್ಚಾಗಿ, ಎಂಥ ಕಳ್ಳನೂ ಚಪ್ಪಲಿ ಬಿಡದೆ ಆ ಕಪಾಟಿನ ಹತ್ತಿರ ಸುಳಿಯುವುದಿಲ್ಲ. ದೇವರನ್ನೇ ಕಾವಲಿಗೆ ಕೂರಿಸಿ ಐದೂ ಗ್ಯಾಸ್ಕೆಟ್ ಅದರೊಳಗಿಟ್ಟು ಬೀಗ ಹಾಕಿದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಅವು ಅಲ್ಲಿ ಸುಮಾರು ಮೂರು ತಿಂಗಳಿದ್ದವು.

ಸಂಕ್ರಾಂತಿಯ ಹೊತ್ತಿಗೆ ಟ್ಯಾಂಕುಗಳು ತಯಾರಾದವು. ಮೊದಲ ಮೂರನ್ನು ಬಾಗಲಕೋಟೆಯವನೇ ಮುಗಿಸಿ, ಒಳಗೆ ಇಳಿದು ಕೈ ಆಡಿಸಿ, ಬಾಗಿಲು ಕೂರಿಸಿದ. ನಾಲ್ಕನೆಯದಕ್ಕೆ ಅವನಿರಲಿಲ್ಲ, ಅಕ್ಕನ ಮಗಳ ಮದುವೆಗೆಂದು ಊರಿಗೆ ಹೋಗಿದ್ದ. ಬೇರೆಯವನೊಬ್ಬ ಮುಗಿಸಿದ. ಎಲ್ಲ ಟ್ಯಾಂಕುಗಳಿಗೂ ಪೀಣ್ಯದಲ್ಲಿ ಯಾವ ಮಷೀನು ಗೇಟು ದಾಟುವಾಗಲೂ ಮಾಡುವಂತೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಮುಂದೆ ಕರ್ಪೂರ ಬೆಳಗಿ, ಕುಂಬಳಕಾಯಿ ಒಡೆದು ಲಾರಿ ಹತ್ತಿಸಿದೆವು.

ಜೂನ್‌ನಲ್ಲಿ ಅವಳ ಫೋನು ಬಂತು, ವೈನಿಗೆ ಏನೋ ವಾಸನೆ ಹತ್ತಿದೆ ಎಂದು. ಓನರ್ ನನ್ನನ್ನೂ ಕರೆದುಕೊಂಡು ಆನೇಕಲ್ ದಾಟಿ ಹೋದರು. ದ್ರಾಕ್ಷಿ ಸಾಲುಗಳು ಬಾಚಿದ ತಲೆಯ ಹಾಗೆ ನೆಟ್ಟಗಿದ್ದವು. ಸೈಟಿನ ಕಲ್ಲು ಎಲ್ಲಾದರೂ ಇದೆಯೇ ಎಂದು ಆಗಲೂ ಹುಡುಕಿದೆ, ಕಾಣಲಿಲ್ಲ. ತಂಪಾದ ಶೆಡ್ಡಿನೊಳಗೆ ನಮ್ಮ ನಾಲ್ಕು ಟ್ಯಾಂಕುಗಳು ನಿಂತಿದ್ದವು. ಅವಳು ನಾಲ್ಕು ಗ್ಲಾಸಿನಲ್ಲಿ ಬಿಳಿ ವೈನು ಹಿಡಿದು ತಂದಳು. ಅವಳ ಕಣ್ಣು ಊದಿಕೊಂಡಿತ್ತು.

"ಒಂದೇ ತೋಟ, ಒಂದೇ ವಾರ ಕಿತ್ತ ಹಣ್ಣು. ಮೊದ್ಲು ನಾನು ಆ ನೀಲಗಿರಿ ಮರಗಳ ವಾಸ್ನೆ ಹಣ್ಣಿಗೆ ಹತ್ತಿದೆ ಅಂದ್ಕೊಂಡೆ. ಹಂಗೂ ಆಗುತ್ತೆ. ಆದ್ರೆ ನಾಲ್ಕನೇ ಟ್ಯಾಂಕು ಮಾತ್ರ ಚೆನ್ನಾಗಿದೆ. ಮೂಸಿ ನೋಡಿ ಸಾರ್."

ಓನರ್ ಮೂಸಿ ನನ್ನ ಕೈಗೆ ಕೊಟ್ಟರು. ವೈನು ನನ್ನ ಮೂಗಿನ ಹತ್ತಿರ ಬಂದದ್ದು ಜೀವಮಾನದಲ್ಲಿ ಅದೇ ಮೊದಲು. ಮೂಸಿದ ತಕ್ಷಣ ನನ್ನ ಬಲಗೈ ತಾನಾಗಿಯೇ ದೇವರ ಮುಂದೆ ಒಡ್ಡುವಂತೆ ಗೋಕರ್ಣದ ಹಾಗೆ ಬಾಗಿತು. ಅದು ತೀರ್ಥದ ವಾಸನೆ. ದೇವಸ್ಥಾನದಲ್ಲಿ ಉದ್ಧರಣೆಯಿಂದ ಅಂಗೈಗೆ ಬೀಳುವ ಪಚ್ಚಕರ್ಪೂರದ ತೀರ್ಥ, ತದ್ರೂಪ. ಹಾಗೆಂದು ಹೇಳಿದೆ ಕೂಡ. ಹೇಳಿದ್ದೇ ತಡ, ಓನರ್ ಮುಖ ಬಿಳಿಚಿಕೊಂಡಿತು.

"ಕರ್ಪೂರ! ಟ್ಯಾಂಕ್ ಒಳಗೆ ಯಾರೋ ಕರ್ಪೂರ ಹಚ್ಚಿದ್ದಾರೆ!"

ಅವಳು ರಬ್ಬರಿನ ಬಗ್ಗೆಯೂ ಕೇಳಿದಳು. ಅದು ಅವಳೇ ತರಿಸಿದ್ದು, ಸೀಲು ಒಡೆಯದ್ದು ಎಂದು ಓನರ್ ಅಂದರು. ಕರ್ಪೂರ ಎಂಬ ಮಾತು ಬಾಯಿಂದ ಬಂದ ಮೇಲೆ ಬೇರೆ ಯಾವುದನ್ನೂ ಯೋಚಿಸುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ. ಮೂರು ಟ್ಯಾಂಕಿನ ವೈನು ಚರಂಡಿಗೆ ಹೋಯಿತು. ನಾವು ಜನ ಕಳಿಸಿ ಮೂರೂ ಟ್ಯಾಂಕುಗಳ ಒಳಗನ್ನು ಉಜ್ಜಿ, ಪಾಲಿಶ್ ಮಾಡಿಸಿ, ಅಂಗಡಿಯಿಂದ ಹೊಸ ರಬ್ಬರು ತಂದು ಬದಲಾಯಿಸಿ ಕೊಟ್ಟೆವು. ವಾಸನೆ ಹೋಯಿತು. ಅಲ್ಲಿಗೆ ಕರ್ಪೂರದ ಕಥೆ ನಿಜವೆಂದು ಎಲ್ಲರೂ ಒಪ್ಪಿದರು.

ಅದಕ್ಕೂ ಮುಂಚೆ, ಆನೇಕಲ್ಲಿನಿಂದ ಪೀಣ್ಯಕ್ಕೆ ವಾಪಸು ಬಂದ ಮರುದಿನ ಬೆಳಿಗ್ಗೆಯೇ, ಓನರ್ ಹನ್ನೆರಡು ಜನರನ್ನೂ ಸಾಲಾಗಿ ನಿಲ್ಲಿಸಿದರು. ಕೆಟ್ಟ ಮೂರೂ ಟ್ಯಾಂಕು ಬಾಗಲಕೋಟೆಯವನ ಕೈಯವು, ಕೆಡದ ಒಂದು ಅವನಿಲ್ಲದಾಗ ಆದದ್ದು. ಇನ್ನೇನು ಬೇಕು?

"ನಾ ಕರ್ಪೂರ ಹೊರಗ ಹಚ್ಚೀನ್ರಿ, ಎಲ್ಲಾರ ಮುಂದ. ಒಳಗ ಯಾಕ ಹಚ್ಚಲಿ? ಒಳಗ ಮಸಿ ಆಗ್ತೈತಿ ಅಂತ ನನಗ ತಿಳಿಯೂದಿಲ್ಲೇನ್ರಿ?" ಎಂದ ಅವನು.

"ಯಾರಾದ್ರೂ ನೋಡಿದ್ದೀರೇನ್ರಪ್ಪ?" ಎಂದು ಓನರ್ ಕೇಳಿದರು. ಎಲ್ಲರ ಕಣ್ಣೂ ಮೆಲ್ಲಗೆ ನನ್ನ ಕಡೆ ತಿರುಗಿತು. ಸಿಸಿ ಕ್ಯಾಮೆರಾ ನಾನಲ್ಲವೇ. ಅವನೂ ನನ್ನನ್ನೇ ನೋಡಿದ.

"ಅಕ್ಕಾರ, ನೀವು ನೋಡೀರೇನ್ರಿ?"

ನಾನು ನೋಡಿದ್ದದ್ದು ಇಷ್ಟೇ: ಕಿಟಕಿಯಿಂದ ಅರ್ಧ ಕಾಣುವ ಟ್ಯಾಂಕು, ಅದರ ಬಾಯಿಂದ ಕೈ ಮುಗಿದುಕೊಂಡು ಹೊರಬರುತ್ತಿರುವ ಅವನು, ಕೆಳಗೆ ನೆಲದ ಮೇಲೆ ಆರತಿ ತಟ್ಟೆ. ತಟ್ಟೆಯಲ್ಲಿ ಕರ್ಪೂರ ಹತ್ತಿರಲೂ ಇಲ್ಲ. ಉಳಿದದ್ದನ್ನೆಲ್ಲ ತಲೆ ಸೇರಿಸಿತ್ತು, ವಾಲ್ವು ಕಾಣೆಯಾದ ದಿನದಿಂದ ಕಾದು ಕೂತಿದ್ದ ತಲೆ.

"ನೋಡಿದೆ ಕಣಪ್ಪ" ಎಂದೆ. "ನೀನು ಒಳಗೇ ಹಚ್ಚಿದ್ದೆ."

ಅವನು ಮುಖಕ್ಕೆ ಹಾಕುವ ವೆಲ್ಡಿಂಗ್ ಶೀಲ್ಡನ್ನೂ ಕೈಗವಸನ್ನೂ ತಂದು ನನ್ನ ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟುಹೋದ. ಕೈಗವಸು ಹರಿದಿತ್ತು. ಹೊಸದು ಕೇಳಬಹುದಿತ್ತು, ಕೇಳಿರಲಿಲ್ಲ.

ಪೀಣ್ಯದಲ್ಲಿ ಟ್ಯಾಂಕು ಮಾಡುವ ಶೆಡ್ಡುಗಳು ಬೆರಳೆಣಿಕೆಯಷ್ಟು. ಓನರುಗಳೆಲ್ಲ ಒಂದೇ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾರೆ. ವೈನಿಗೆ ಕರ್ಪೂರ ಹಚ್ಚಿದವನು ಎಂದು ಅವನ ಕಥೆ ಒಂದೇ ವಾರದಲ್ಲಿ ನಗೆಯ ಮಾತಾಯಿತು. ಎಲ್ಲೂ ಅವನಿಗೆ ಟ್ಯಾಂಕಿನ ಕೆಲಸ ಸಿಗಲಿಲ್ಲವೆಂದು ಕೇಳಿದೆ. ಕೇಳಿ ಸುಮ್ಮನಾದೆ. ಮನೆಯಲ್ಲಿ ಅನ್ನ ಇಳಿಯಿತು, ನಿದ್ದೆಯೂ ಬಂತು. ನಾನು ಒಳ್ಳೆಯವಳೆಂದು ಈಗ ಹೇಳಿಕೊಳ್ಳಲು ಬರುವುದಿಲ್ಲ.

ಆಯುಧಪೂಜೆಗೆ ನಾಲ್ಕು ದಿನವಿತ್ತು. ಬೆಳಿಗ್ಗೆ ದೇವರ ಕಪಾಟು ತೆಗೆದು ಒರೆಸುತ್ತಿದ್ದೆ. ಹಿಂದುಗಡೆ, ಕರ್ಪೂರದ ಪೊಟ್ಟಣಗಳ ಕೆಳಗೆ, ಬಿಳಿ ಬಳೆ ಸಿಕ್ಕಿತು. ಐದನೇ ಗ್ಯಾಸ್ಕೆಟ್. ಅದರ ಪ್ಲಾಸ್ಟಿಕ್ ಕವರನ್ನು ಎಣಿಸುವಾಗ ನಾನೇ ಕತ್ತರಿಸಿದ್ದೆ, ಐದರದ್ದೂ. ಹಿಡಿದು ಧೂಳು ಝಾಡಿಸಿದೆ. ಅಭ್ಯಾಸಬಲ, ಮೂಗಿಗೆ ಹಿಡಿದೆ.

ತೀರ್ಥ.

ಕೂತಲ್ಲೇ ಕೂತೆ. ಕಪಾಟಿನ ಗಾಳಿ ಮೂಗಿನಲ್ಲಿದೆ, ಅದಕ್ಕೇ ಹಾಗನ್ನಿಸುತ್ತಿದೆ ಎಂದು ನನ್ನನ್ನು ನಾನೇ ಒಪ್ಪಿಸಲು ನೋಡಿದೆ. ಮನೆಗೆ ಒಯ್ದು ಬಿಸಿನೀರಿನಲ್ಲಿ ಸೋಪು ಹಾಕಿ ತೊಳೆದೆ. ಮಹಡಿಯ ಮೇಲೆ ಬಿಸಿಲಿಗಿಟ್ಟೆ. ಸಂಜೆ ಕುಡಿಯುವ ನೀರಿನ ಪಾತ್ರೆಯಲ್ಲಿ ಮುಳುಗಿಸಿ ಮುಚ್ಚಿಟ್ಟು, ಬೆಳಿಗ್ಗೆ ಆ ನೀರನ್ನು ಲೋಟಕ್ಕೆ ಹಾಕಿ ಗಂಡನಿಗೆ ಕೊಟ್ಟೆ. ಅವರು ಒಂದು ಗುಟುಕು ಕುಡಿದು, ಕೈಯನ್ನು ತಲೆಗೆ ಸವರಿಕೊಂಡು ಕೇಳಿದರು: "ಯಾವ ದೇವಸ್ಥಾನಕ್ಕೆ ಹೋಗಿದ್ದೆ?"

ಆಮೇಲೆ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ನಾಲ್ಕನೇ ಟ್ಯಾಂಕು ಯಾಕೆ ಕೆಡಲಿಲ್ಲ? ಬಾಗಲಕೋಟೆಯವನು ಇಲ್ಲದ ಕಾರಣ ಬೇರೆಯವನು ಬಾಗಿಲು ಕೂರಿಸಲು ಹೋಗಿ, ನಾನು ಹಿಂದಿನ ದಿನ ಕೊಟ್ಟಿದ್ದ ಗ್ಯಾಸ್ಕೆಟ್ ಹರಿದಿದ್ದ. ಐದನೆಯದನ್ನು ಹಾಕೋಣವೆಂದರೆ ಅವತ್ತು ನಾನು ನೆಲಮಂಗಲದಲ್ಲಿ ನೆಂಟರ ಮನೆ ಗೃಹಪ್ರವೇಶದಲ್ಲಿದ್ದೆ, ದೇವರ ಕಪಾಟಿನ ಕೀ ಸಮೇತ. ಯಾರನ್ನೂ ನಂಬದೆ ಅದನ್ನು ಜೊತೆಗೇ ಒಯ್ದಿದ್ದೆ. ಓನರ್ ಬೈದುಕೊಂಡು ಅಂಗಡಿಯಿಂದ ಹೊಸದು ತರಿಸಿ ಹಾಕಿಸಿದ್ದರು. ನನ್ನ ಕೈ ತಾಗದ ಟ್ಯಾಂಕು ಅದೊಂದೇ.

ಬಾಗಲಕೋಟೆಯವನು ತುಮಕೂರು ರಸ್ತೆಯ ಬದಿಯಲ್ಲಿ, ಮಾಕಳಿಯ ಹತ್ತಿರವೇ, ಕಿಟಕಿ ಗ್ರಿಲ್ ಮಾಡುವ ಅಂಗಡಿಯಲ್ಲಿದ್ದ. ಕನ್ನಡಿಯಂಥ ಸ್ಟೀಲು ಬೆಸೆಯುತ್ತಿದ್ದವನು ಫುಟ್‌ಪಾತಿನ ಮೇಲೆ ಕುಕ್ಕರಗಾಲಲ್ಲಿ ಕೂತು ತುಕ್ಕು ಕಬ್ಬಿಣಕ್ಕೆ ಟಾಕ ಹಾಕುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ನಾನು ಚೀಲದಿಂದ ಗ್ಯಾಸ್ಕೆಟ್ ತೆಗೆದು ಅವನ ಕೈಗೆ ಕೊಟ್ಟೆ. ಅವನು ಮೂಸಿದ. ನನ್ನ ಮುಖ ನೋಡಿದ. ನಾನು ನಡೆದದ್ದನ್ನೆಲ್ಲ ಹೇಳಿದೆ, ತಡವರಿಸುತ್ತ.

"ರಬ್ಬರ್ ದೇವರ ಕಪಾಟಿನ್ಯಾಗ ಯಾಕಿಟ್ಟಿದ್ರಿ ಅಕ್ಕಾರ?"

"ಯಾರಾದ್ರೂ ತಗೊಂಡ್ ಹೋಗ್ತಾರೆ ಅಂತ."

"ಯಾರು?"

ನಾನು ರಸ್ತೆಯಲ್ಲಿ ಹೋಗುತ್ತಿದ್ದ ಲಾರಿಗಳ ಕಡೆ ತಿರುಗಿದೆ.

"ನಾನ ಅಲ್ರಿ?" ಎಂದ ಅವನು.

ನಾನು ಹೌದೆಂದು ತಲೆಯಾಡಿಸಿದೆ. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ತಪ್ಪಾಯಿತು, ಓನರ್ ಹತ್ತಿರ ನಾನೇ ಮಾತಾಡುತ್ತೇನೆ, ವಾಪಸು ಬಾ ಎಂದೆ. ಅವನು ಗ್ಯಾಸ್ಕೆಟ್ಟನ್ನು ನನ್ನ ಕೈಗೇ ಹಿಂದಿರುಗಿಸಿದ.

"ಓನರಿಗೆ ಒಳಗ ಕರ್ಕೊಂಡ್ ಹೋಗಿ ಹೇಳಬ್ಯಾಡ್ರಿ. ನೋಡಿದೆ ಅಂತ ಎಲ್ಲಾರ ಮುಂದ ಹೇಳಿದ್ರಿ. ನೋಡಿಲ್ಲ ಅಂತನೂ ಎಲ್ಲಾರ ಮುಂದ ಹೇಳ್ರಿ."

ಆಯುಧಪೂಜೆಯ ದಿನ ಶೆಡ್ಡಿನ ಮಷೀನುಗಳಿಗೆಲ್ಲ ಹೂವು ಏರಿಸಿ, ಉಳಿದ ಹನ್ನೊಂದು ಜನರೂ ಹೊಸ ಅಂಗಿ ಹಾಕಿಕೊಂಡು ನಿಂತಿದ್ದರು. ಅಕ್ಕಪಕ್ಕದ ಶೆಡ್ಡಿನ ಇಬ್ಬರು ಓನರುಗಳೂ ಪ್ರಸಾದಕ್ಕೆ ಬಂದಿದ್ದರು. ಅವನು ಗೇಟಿನ ಹೊರಗೆ ನಿಂತಿದ್ದ. ಮಂಗಳಾರತಿ ಆದ ಮೇಲೆ ನಾನು ಮುಂದೆ ಬಂದು ಗ್ಯಾಸ್ಕೆಟ್ ಎತ್ತಿ ಹಿಡಿದೆ. ಇಂಥವನ್ನು ಕರ್ಪೂರದ ಜೊತೆ ಮೂರು ತಿಂಗಳು ಬೀಗ ಹಾಕಿಟ್ಟವಳು ನಾನು, ವೈನು ಕೆಟ್ಟದ್ದು ಅವುಗಳಿಂದ, ಅವನು ಒಳಗೆ ಕರ್ಪೂರ ಹಚ್ಚಿದ್ದನ್ನು ನಾನು ನೋಡಿರಲಿಲ್ಲ, ಸುಳ್ಳು ಹೇಳಿದೆ ಎಂದೆ. "ಹಬ್ಬದ ದಿನ ಯಾಕಮ್ಮ ಇದೆಲ್ಲ" ಎಂದು ಓನರ್ ಗೊಣಗಿದರು. ಆನೇಕಲ್ಲಿನ ಹೆಂಗಸಿಗೆ ಅವರೇ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. ಅವಳಿಗೂ ಎಲ್ಲ ಹೇಳಿದೆ. "ಆ ವೆಲ್ಡರ್ ಬಂದ್ರಾ ಕೆಲ್ಸಕ್ಕೆ?" ಎಂದಷ್ಟೇ ಅವಳು ಕೇಳಿದಳು. ನಾನು ಗೇಟಿನ ಕಡೆ ನೋಡಿದೆ. ಅವನು ಹೋಗಿಬಿಟ್ಟಿದ್ದ.

ದೀಪಾವಳಿ ಮುಗಿದ ಸೋಮವಾರ ಬಂದ. ಕಿಟಕಿಯ ಮುಂದೆ ನಿಂತು ಕೈಗವಸು ಕೇಳಿದ. ಹಳೆಯದನ್ನು ತೋರಿಸು ಎನ್ನದೆ ಹೊಸದನ್ನು ಕೊಟ್ಟೆ. ಅವನು ನಗಲಿಲ್ಲ.

ಈಗ ಮುಂದಿನ ಸುಗ್ಗಿಗೆ ಮತ್ತೆ ವೈನಿನ ಟ್ಯಾಂಕುಗಳು ತಯಾರಾಗುತ್ತಿವೆ. ಗ್ಯಾಸ್ಕೆಟ್ಟುಗಳು ಸ್ಟೋರಿನ ಬಯಲು ಹಲಗೆಯ ಮೇಲಿವೆ, ಬೀಗವಿಲ್ಲ. ಒಂದೊಂದು ಟ್ಯಾಂಕು ಮುಗಿದಾಗಲೂ ಅವನು ಚಪ್ಪಲಿ ಕಳಚಿ, ಕೈ ತೊಳೆದು, ಒಳಗಿಳಿದು ಬೆಸುಗೆಯ ಮೇಲೆ ಅಂಗೈ ಆಡಿಸಿ ಬರುತ್ತಾನೆ. ಆದರೆ ಬಾಗಿಲು ಮುಚ್ಚುವುದಿಲ್ಲ. ನನ್ನ ಕಿಟಕಿಗೆ ಬಂದು, "ಅಕ್ಕಾರ, ಬರ್ರಿ" ಎನ್ನುತ್ತಾನೆ. ನಾನು ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಏಣಿ ಹತ್ತಿ ಟ್ಯಾಂಕಿನೊಳಗೆ ತಲೆ ತೂರಿಸಿ ಟಾರ್ಚು ಹಾಕಿ ನೋಡುತ್ತೇನೆ, ಮೂಸುತ್ತೇನೆ. ಇದು ಅವನ ಮುಂಜಾಗ್ರತೆಯೋ, ನನಗೆ ಕೊಡುತ್ತಿರುವ ಶಿಕ್ಷೆಯೋ, ಈಗಲೂ ನನಗೆ ಅನುಮಾನವಿದೆ. ಕೇಳುವ ಧೈರ್ಯ ಬಂದಿಲ್ಲ. ಕೆಳಗಿನಿಂದ ಅವನ ದನಿ ಬರುತ್ತದೆ, ಪ್ರತಿ ಸಲವೂ ಅದೇ ಮಾತು, ಇಡೀ ಶೆಡ್ಡಿಗೆ ಕೇಳುವಷ್ಟು ಜೋರಾಗಿ.

"ನೋಡೀರೇನ್ರಿ ಅಕ್ಕಾರ?"

"ನೋಡಿದೆ ಕಣಪ್ಪ" ಎನ್ನುತ್ತೇನೆ. ಆಮೇಲಷ್ಟೇ ಅವನು ಬಾಗಿಲು ಕೂರಿಸುತ್ತಾನೆ.